ಕಾರಿನ ಕಣ್ಣಿಗೆ ಬಂದ ಪೊರೆ

ಬೆಂಗಳೂರಿನ ಅವೆನ್ಯೂ ರಸ್ತೆ ಹಳೆಯ ಪುಸ್ತಕಗಳಿಗೆ ಹೆಸರಾದುದು. ಅಲ್ಲಿ ಹಳೆಯ ಗ್ರಂಥವೊಂದನ್ನು ತೆರೆದರೆ, ಹಾಳೆಯ ಅಂಚು ಹಳದಿಗಟ್ಟಿದ್ದರೂ ನಡುಭಾಗ ಅಷ್ಟಾಗಿ ಬಣ್ಣಗೆಡದಿರುವುದನ್ನು ಕಾಣುತ್ತೇವೆ. ಬೀದಿಯ ಬದಿಯಲ್ಲಿ ನಿಂತ ಹಳೆಯ ಕಾರಿನ ಮುಂದೀಪದ ಮೇಲೂ ಅಂಥದೇ ಹಳದಿ ಪೊರೆ. ಕಾಗದವೆಲ್ಲಿ, ಪ್ಲಾಸ್ಟಿಕ್ಕೆಲ್ಲಿ? ಆದರೂ ಎರಡನ್ನೂ ಕೆಡಿಸಿದುವು ಬೆಳಕು ಮತ್ತು ಗಾಳಿಯಲ್ಲಿರುವ ಆಮ್ಲಜನಕಗಳೇ.

ಇಂದಿನ ಕಾರುಗಳ ಮುಂದೀಪದ ಮುಚ್ಚಳ ಸಾಮಾನ್ಯವಾಗಿ ಗಾಜಿನದಲ್ಲ. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಡೇನಿಯಲ್ ಫಾಕ್ಸ್ ಇದನ್ನು ಬೇರೆಬೇರೆಯಾಗಿ ಕಂಡುಹಿಡಿದರು. ಇದು ಹಗುರ, ಪೆಟ್ಟಿಗೆ ಸುಲಭವಾಗಿ ಒಡೆಯದು. ಆದರೆ ಬಿಸಿಲಿನ ನೇರಳಾತೀತ ಕಿರಣಗಳು ತಾಗಿದಾಗ ಇದರ ಉದ್ದನೆಯ ಅಣುಸರಪಳಿಗಳು ತುಂಡಾಗಿ, ಆಮ್ಲಜನಕದೊಡನೆ ಕೂಡಿ, ಹಳದಿ ಬಣ್ಣದ ಸಂಯುಕ್ತಗಳಾಗುತ್ತವೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ರಕ್ಷಣಾಲೇಪವೊಂದನ್ನು ಕೊಟ್ಟಿರುತ್ತಾರೆ. ಸುಮಾರು 900 ಮೀಟರ್ ಎತ್ತರದಲ್ಲಿ, 13 ಡಿಗ್ರಿ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಸೂರ್ಯನು ವರ್ಷಕ್ಕೆರಡು ಬಾರಿ ನೆತ್ತಿಯ ಮೇಲೆ ಬರುತ್ತಾನೆ. ಇಂಥ ಬಿಸಿಲಿನಲ್ಲಿ ಲೇಪವು ಕಾಲಕ್ರಮದಲ್ಲಿ ಸವೆಯುತ್ತದೆ. ಆಗ ದೀಪ ಮಂಕಾಗಿ ದಾರಿ ಕಾಣದು. ಚದುರಿದ ಬೆಳಕು ಎದುರಿನಿಂದ ಬರುವವರ ಕಣ್ಣನ್ನೂ ಕುಕ್ಕುತ್ತದೆ.

ಪೊರೆ ಒಳಗಿನದೋ ಹೊರಗಿನದೋ? ಮುಚ್ಚಳದ ಮೇಲೆ ನೀರು ಸುರಿದು ನೋಡೋಣ. ಮಸುಕು ಕಡಮೆಯಾದರೆ ದೋಷ ಹೊರಮೈಯ ಒರಟುತನದಲ್ಲಿದೆ. ಪಾಲಿಕಾರ್ಬೊನೇಟಿನ ವಕ್ರೀಭವನಾಂಕ 1.58, ನೀರಿನದು 1.33, ಗಾಳಿಯದು 1. ಗುಳಿಗಳಲ್ಲಿ ಗಾಳಿಯ ಬದಲು ನೀರು ತುಂಬಿದಾಗ ಬೆಳಕು ಅಷ್ಟಾಗಿ ಚದುರದು. ಬಿಳಿಚಿದ ಕಪ್ಪು ಬಂಪರಿಗೆ ಎಣ್ಣೆ ಸವರಿದರೆ ಕಪ್ಪು ಮರಳುವುದೂ ಇದೇ ಕಾರಣದಿಂದ. ಎಣ್ಣೆ ತೊಳೆದುಹೋದರೆ ಬಿಳಿಚು ಮತ್ತೆ ಕಾಣುತ್ತದೆ.

ದೀಪಕ್ಕಾದರೋ ಕೆಟ್ಟ ಪದರವನ್ನೇ ತೆಗೆಯಬೇಕು. ಸಾಬೂನಿನಿಂದ ತೊಳೆದು, ಸುತ್ತಲಿನ ಬಣ್ಣಕ್ಕೆ ತಗಲದಂತೆ ಅಂಟುಪಟ್ಟಿ ಹಚ್ಚಿ, ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಉಜ್ಜಬೇಕು. ಮೊದಲು 800, ಬಳಿಕ 1500, ಕೊನೆಗೆ 2000 ಸಂಖ್ಯೆಯದು. ಸಂಖ್ಯೆ ಹೆಚ್ಚಿದಷ್ಟೂ ಹರಳು ನುಣುಪು. ಪ್ರತಿಯೊಂದು ಕಾಗದವೂ ಹಿಂದಿನದರ ಗೀರುಗಳನ್ನು ಅಳಿಸಬೇಕು. 2000 ಸಂಖ್ಯೆಯ ಹರಳು ಸುಮಾರು 10 ಮೈಕ್ರಾನ್. ಬೆಳಕಿನ ತರಂಗಾಂತರವಾದರೋ ಒಂದು ಮೈಕ್ರಾನಿಗೂ ಕಡಮೆ. ಆದುದರಿಂದ ಉಳಿದ ಗೀರುಗಳನ್ನು ಪಾಲಿಷ್ ಲೇಹ್ಯದಿಂದಲೇ ನೀಗಿಸಬೇಕು. ಪೆಟ್ರೋಲ್, ತಿನ್ನರ್‌ಗಳನ್ನು ಮಾತ್ರ ಮುಟ್ಟಿಸಬಾರದು. ಪ್ಲಾಸ್ಟಿಕ್ಕಿನಲ್ಲಿ ಬಿರುಕು ಬಿಡುತ್ತದೆ.

ಹೊಳಪು ಬಂದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಉಜ್ಜಿದಾಗ ಪೊರೆಯೊಡನೆ ಅಳಿದುಳಿದ ರಕ್ಷಣಾಲೇಪವೂ ಹೋಗಿರುತ್ತದೆ. ನೇರಳಾತೀತ ಕಿರಣಗಳನ್ನು ತಡೆಯುವ ಪಾರದರ್ಶಕ ಲೇಪವನ್ನು ಮತ್ತೆ ಕೊಡದಿದ್ದರೆ ಕೆಲವೇ ತಿಂಗಳಲ್ಲಿ ಹಳದಿ ಮರಳುತ್ತದೆ. ಉಜ್ಜುವುದು ಚಿಕಿತ್ಸೆ, ಲೇಪವೇ ಪಥ್ಯ.