ಗೆರೆ ಎಳೆಯದ ಭಾಗವನ್ನು ಮೊದಲು ಓದು

ಬ್ಯಾಂಕ್ ಪರೀಕ್ಷೆಗೂ ಎಸ್‌ಎಸ್‌ಸಿಗೂ ಒಟ್ಟಿಗೇ ಕಟ್ಟಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ಗಣಿತಕ್ಕೆ ಹೆದರದ ಹುಡುಗಿ, ಇಂಗ್ಲಿಷಿನ ವಾಕ್ಯ ತಿದ್ದುವ ಪ್ರಶ್ನೆಯಲ್ಲಿ ಟೆನ್ಸ್ ಬಂತೆಂದರೆ ಸುಮ್ಮನೆ ಕೂತುಬಿಡುತ್ತೀಯಂತೆ. ಅದಕ್ಕೇ ಈ ನಾಲ್ಕು ಮಾತು.

ಗೋಡೆಗೆ ಅಂಟಿಸಿಕೊಂಡ ಹನ್ನೆರಡು ಟೆನ್ಸ್‌ಗಳ ಚಾರ್ಟನ್ನು ಕಿತ್ತು ಹಾಕು ಅನ್ನುವುದಿಲ್ಲ. ಆದರೆ ಪರೀಕ್ಷೆಯಲ್ಲಿ ಯಾರೂ ಟೆನ್ಸಿನ ಹೆಸರು ಕೇಳುವುದಿಲ್ಲ. ಐಬಿಪಿಎಸ್ ಪಿಒ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ ಸಿಗುವುದು 20 ನಿಮಿಷ, ಪ್ರಶ್ನೆ 30. ಅಂದರೆ ಒಂದೊಂದಕ್ಕೆ 40 ಸೆಕೆಂಡು, ಅದರಲ್ಲೇ ಪ್ಯಾಸೇಜ್ ಓದುವುದೂ ಸೇರಿತು. ಅಷ್ಟರಲ್ಲಿ ಚಾರ್ಟ್ ನೆನಪಿಸಿಕೊಂಡು ಮನೆಮನೆ ಹುಡುಕುತ್ತಾ ಕೂರಲು ಆಗುತ್ತದೆಯೇ?

ಮಾಡಬೇಕಾದದ್ದು ಇಷ್ಟು. ಗೆರೆ ಎಳೆದ ಭಾಗದ ಮೇಲೆ ಕಣ್ಣು ಹೋಗುವುದು ಸಹಜ, ಆದರೆ ಅದನ್ನು ಬಿಟ್ಟು ಉಳಿದದ್ದನ್ನು ಮೊದಲು ಓದು. ಗೆರೆ ಎಳೆಯದ ಭಾಗವನ್ನು ನೀನು ತಿದ್ದುವಂತಿಲ್ಲ, ಹಾಗಾಗಿ ಅದು ಸರಿಯಾಗಿದೆ ಎಂದೇ ಅರ್ಥ. ಕಾಲ ಹೇಳುವ ಪದ ಇರುವುದು ಅಲ್ಲೇ: ಯೆಸ್ಟರ್‌ಡೇ, ಅಗೋ, ಸಿನ್ಸ್, ಬೈ ದ ಟೈಮ್. ಅದೂ ಇಲ್ಲದಿದ್ದರೆ ಮತ್ತೊಂದು ಕ್ರಿಯಾಪದವಾದರೂ ಇರುತ್ತದೆ. ಆ ಪದ ಸಿಕ್ಕಿದ ಮೇಲೆ ಆಯ್ಕೆಗಳಲ್ಲಿ ಎರಡಾದರೂ ತಾವಾಗಿ ಉದುರುತ್ತವೆ.

ಕಿವಿಗೆ ಸರಿ ಕೇಳಿಸಿತು ಅಂತ ಗುರುತು ಹಾಕಬೇಡಮ್ಮ. ನಮ್ಮ ಕಿವಿ ಕನ್ನಡದಲ್ಲಿ ಪಳಗಿದ್ದು, ಟೆನ್ಸಿನ ವಿಷಯದಲ್ಲಿ ಅದು ಕೈಕೊಡುವ ಜಾಗಗಳು ಮೂರು ನಾಲ್ಕೇ. ಪ್ರಶ್ನೆ ತೆಗೆಯುವವರಿಗೂ ಆ ಜಾಗಗಳು ಚೆನ್ನಾಗಿ ಗೊತ್ತು.

"2019ರಿಂದ ಇಲ್ಲೇ ಕೆಲಸ ಮಾಡುತ್ತಿದ್ದಾಳೆ" ಎನ್ನುತ್ತೇವೆ. ಈಗ, ಈ ಕ್ಷಣ ಮಾಡುತ್ತಿರುವುದಕ್ಕೂ ನಮಗೆ ಅದೇ ರೂಪ ಸಾಕು. ಹಾಗಾಗಿ "ಶೀ ಈಸ್ ವರ್ಕಿಂಗ್ ಹಿಯರ್ ಸಿನ್ಸ್ 2019" ಎಂದರೆ ನಮ್ಮ ಕಿವಿ ಒಪ್ಪಿಬಿಡುತ್ತದೆ. ಪರೀಕ್ಷೆ ಒಪ್ಪುವುದಿಲ್ಲ. ಹಿಂದೆ ಶುರುವಾಗಿ ಇಂದಿಗೂ ನಡೆಯುತ್ತಿರುವುದಕ್ಕೆ "ಹ್ಯಾಸ್ ಬೀನ್ ವರ್ಕಿಂಗ್" ಬೇಕು. ಹಾಗೆಯೇ "ನಿನ್ನೆ ನೋಡಿದ್ದೇನೆ" ಎನ್ನುವುದು ನಮಗೆ ತಪ್ಪಲ್ಲ, "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ" ಮಾತ್ರ ತಪ್ಪು. ಮುಗಿದುಹೋದ ಕಾಲವನ್ನು ಹೆಸರು ಹಿಡಿದು ಹೇಳಿದ ಮೇಲೆ ಹ್ಯಾವ್, ಹ್ಯಾಸ್ ಅಲ್ಲಿಗೆ ಬರುವಂತಿಲ್ಲ.

ಹ್ಯಾಡ್ ಇನ್ನೂ ಮೋಸದ್ದು. "ಹೋದ ವಾರ ಮೈಸೂರಿಗೆ ಹೋಗಿದ್ದೆ" ಎಂದು ಹೇಳಿ ರೂಢಿಯಾದ ನಾವು, ಇಂಗ್ಲಿಷಿನಲ್ಲೂ "ಐ ಹ್ಯಾಡ್ ಗಾನ್ ಟು ಮೈಸೂರು ಲಾಸ್ಟ್ ವೀಕ್" ಎಂದುಬಿಡುತ್ತೇವೆ. ಆಫೀಸುಗಳಲ್ಲಿ ದಿನಾ ಕೇಳುವ ಮಾತು. ಯಾರಿಗೂ ಅದರಿಂದ ನಷ್ಟವಿಲ್ಲ, ಆದರೆ ನಿನಗೆ ಅಂಕ ಹೋಗುತ್ತದೆ. ಒಂಟಿ ಘಟನೆಗೆ "ವೆಂಟ್" ಸಾಕು. ಹ್ಯಾಡ್ ಬೇಕಾಗುವುದು ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಎಂದು ತೋರಿಸಲು: "ವೆನ್ ವೀ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್." ನಾವು ತಲುಪಿದ್ದೂ ಹಿಂದಿನದೇ, ರೈಲು ಅದಕ್ಕೂ ಮೊದಲೇ ಹೊರಟಿತ್ತು. ಆದ್ದರಿಂದ ಹ್ಯಾಡ್ ಇರುವ ಆಯ್ಕೆ ಕಂಡಾಗಲೆಲ್ಲ ಕೇಳಿಕೋ: ಇದಕ್ಕಿಂತ ಆಮೇಲೆ ನಡೆದದ್ದು ವಾಕ್ಯದಲ್ಲಿ ಎಲ್ಲಿದೆ? ಅಂಥದ್ದು ಕಾಣದೆ, ಬರೀ "ಲಾಸ್ಟ್ ವೀಕ್" ಒಂದೇ ಇದ್ದರೆ ಆ ಆಯ್ಕೆಯನ್ನು ಬಿಡು.

ಇಫ್, ವೆನ್, ಅಂಟಿಲ್, ಆಸ್ ಸೂನ್ ಆಸ್ ಇವುಗಳಿಂದ ಶುರುವಾಗುವ ತುಂಡಿನಲ್ಲಿ ವಿಲ್ ಬರುವುದಿಲ್ಲ ಎಂದು ನಿನಗೂ ಗೊತ್ತಿರಬೇಕು. "ಇಫ್ ಇಟ್ ರೇನ್ಸ್", ವಿಲ್ ಏನಿದ್ದರೂ ಇನ್ನೊಂದು ತುಂಡಿನಲ್ಲಿ. ಇದೇ ಜಾತಿಯ ಇನ್ನೊಂದು, "ಇಫ್ ಹೀ ವುಡ್ ಹ್ಯಾವ್ ಸ್ಟಡೀಡ್": ಅಲ್ಲಿ "ಹ್ಯಾಡ್ ಸ್ಟಡೀಡ್" ಆಗಬೇಕು, ವುಡ್ ಹ್ಯಾವ್ ಆಚೆ ಕಡೆಗೆ. "ಇಟ್ ಈಸ್ ಹೈ ಟೈಮ್" ಎಂದು ಶುರುವಾದರೆ ಮುಂದೆ ಪಾಸ್ಟ್, "ವೀ ಲೆಫ್ಟ್". ಇದಕ್ಕೆ ಕಾರಣ ಕೆದಕುತ್ತಾ ಕೂರಬೇಡ, ಬಾಯಿಪಾಠವೇ ಇರಲಿ.

ವಿಲ್ ಹ್ಯಾವ್ ಕಂಡರೆ ಮಾತ್ರ ಗಾಬರಿ ಬೇಡ. ಮುಂದಿನ ಒಂದು ಗಡುವಿನೊಳಗೆ ಮುಗಿದಿರುವ ಕೆಲಸ ಅದು. "ಬೈ ನೆಕ್ಸ್ಟ್ ಮಾರ್ಚ್" ಅಂತ ವಾಕ್ಯ ಹೇಳಿದರೆ, "ವಿಲ್ ಹ್ಯಾವ್ ಕಂಪ್ಲೀಟೆಡ್" ಇರುವ ಆಯ್ಕೆಯನ್ನು ಮೊದಲು ನೋಡು.

ಈಗ ಇನ್ನೊಂದು ಕೆಟ್ಟ ಅಭ್ಯಾಸದ ಮಾತು. ವಾಕ್ಯದ ಒಂದು ತುಂಡು ಪಾಸ್ಟ್ ಇದ್ದರೆ ಎಲ್ಲವೂ ಪಾಸ್ಟ್ ಆಗಲೇಬೇಕು ಎಂದು ಯಾರೋ ತಲೆಗೆ ತುಂಬಿರುತ್ತಾರೆ. ಆಗಬೇಕಿಲ್ಲ. "ದ ಕಂಪನಿ ಸೇಸ್ ಇಟ್ ಲಾಸ್ಟ್ ಮನಿ ಲಾಸ್ಟ್ ಇಯರ್" ಸರಿಯಾದ ವಾಕ್ಯ, ಹೇಳುವುದು ಇವತ್ತು, ಕಳೆದುಕೊಂಡದ್ದು ಹೋದ ವರ್ಷ. ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಎಂದು ಮೇಷ್ಟ್ರು ನಿನ್ನೆ ಹೇಳಿದ್ದರೂ, ಇಂಗ್ಲಿಷಿನಲ್ಲಿ ಸೆಡ್ ಮುಂದೆ ಮೂವ್ಸ್ ಇರಬಹುದು, ಭೂಮಿ ಇನ್ನೂ ನಿಂತಿಲ್ಲವಲ್ಲ. ರೆನ್ ಅಂಡ್ ಮಾರ್ಟಿನ್‌ನಲ್ಲೂ ಈ ವಿನಾಯಿತಿ ಇದೆ, ನೋಡು.

ಟೆನ್ಸಿನ ವೇಷ ಹಾಕಿ ಬೇರೆ ತಪ್ಪು ಬರುವುದೂ ಉಂಟು. "ದ ಲಿಸ್ಟ್ ಆಫ್ ಕ್ಯಾಂಡಿಡೇಟ್ಸ್ ಹ್ಯಾವ್ ಬೀನ್ ಪಬ್ಲಿಷ್ಡ್" ಎಂದಾಗ, ಆಯ್ಕೆಗಳಲ್ಲಿ ಹ್ಯಾಡ್, ವಿಲ್ ಎಲ್ಲ ಹರಡಿಟ್ಟು ನಿನ್ನನ್ನು ದಾರಿ ತಪ್ಪಿಸುತ್ತಾರೆ. ತಪ್ಪು ಕಾಲದಲ್ಲಿಲ್ಲ, ಲಿಸ್ಟ್ ಏಕವಚನ, ಹ್ಯಾಸ್ ಬೇಕು. ಕಾಲದ ಪದವೇ ಇಲ್ಲದ ವಾಕ್ಯದಲ್ಲಿ ಕರ್ತೃವನ್ನು ಹುಡುಕು.

ಅಭ್ಯಾಸಕ್ಕೆ ಇಂಗ್ಲಿಷ್ ಪತ್ರಿಕೆ ಒಳ್ಳೆಯದು, ಹೆಡ್‌ಲೈನ್ ಬಿಟ್ಟು. ನಿನ್ನೆ ಗೆದ್ದ ತಂಡವನ್ನೂ ಹೆಡ್‌ಲೈನಿನಲ್ಲಿ ವಿನ್ಸ್ ಎಂದೇ ಬರೆಯುತ್ತಾರೆ, ಅದು ಅವರ ಪದ್ಧತಿ. ಒಳಗಿನ ಸುದ್ದಿ ಓದು. ದಿನ ಹೇಳದಿದ್ದಾಗ "ಹ್ಯಾಸ್ ಅನೌನ್ಸ್ಡ್", "ಆನ್ ಮಂಡೇ" ಬಂದೊಡನೆ ಬರೀ "ಅನೌನ್ಸ್ಡ್". ಪೆನ್ಸಿಲ್ ಹಿಡಿದು ಕಾಲದ ಪದಕ್ಕೂ ಕ್ರಿಯಾಪದಕ್ಕೂ ಒಂದು ಗೀಟು ಎಳೆದು ಸೇರಿಸುತ್ತಾ ಹೋಗು. ಮಾಕ್ ಟೆಸ್ಟಿನಲ್ಲಿ ತಪ್ಪಾದದ್ದನ್ನು ನೋಟ್‌ಬುಕ್ಕಿಗೆ ಬರೆಯುವಾಗಲೂ ನಿಯಮದ ಹೆಸರು ಬೇಡ, ನೀನು ನೋಡದೆ ಬಿಟ್ಟ ಪದ ಯಾವುದೋ ಅದನ್ನು ಬರೆ.

ಇಷ್ಟೆಲ್ಲ ಮಾಡಿಯೂ ಎರಡು ಆಯ್ಕೆ ಉಳಿದರೆ ಯಾವುದಾದರೂ ಒಂದಕ್ಕೆ ಗುರುತು ಹಾಕಿ ಮುಂದೆ ನಡೆ. ಬ್ಯಾಂಕ್ ಪರೀಕ್ಷೆಯಲ್ಲಿ ತಪ್ಪಿಗೆ ಹೋಗುವುದು ಕಾಲು ಅಂಕ. ಎಸ್‌ಎಸ್‌ಸಿ ಸಿಜಿಎಲ್‌ನ ಮೊದಲ ಹಂತದಲ್ಲಿ ಎರಡು ಅಂಕದ ಪ್ರಶ್ನೆಗೆ ಅರ್ಧ, ಲೆಕ್ಕ ಒಂದೇ. ಎಲ್ಲ ಆಯ್ಕೆಗಳೂ ಒಂದೇ ಥರ ಕಂಡರೆ ಮಾತ್ರ ಮುಟ್ಟಬೇಡ.