ಬೇಸಿಗೆಯ ಮಡುವಿನಲ್ಲಿ ಬಾಳೆಮೀನು

ಮಕ್ಕಳೇ, ಯುಗಾದಿ ಮುಗಿದು ಬಿಸಿಲು ಏರತೊಡಗಿದ ಮೇಲೆ ನೀವು ಹೊಳೆಯನ್ನು ನೋಡಿದ್ದೀರಾ? ಮಳೆಗಾಲದಲ್ಲಿ ದಡ ಮೀರಿ ಕಬ್ಬಿನ ಹೊಲಗಳಿಗೆ ನುಗ್ಗುವ ಕೃಷ್ಣೆ ಏಪ್ರಿಲ್ ಹೊತ್ತಿಗೆ ಬಡವಾಗಿರುತ್ತಾಳೆ. ನಿಪ್ಪಾಣಿ ಕಡೆಯ ವೇದಗಂಗೆ, ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯನ್ನು ಸೇರುವ ದೂಧಗಂಗೆ, ಇವುಗಳ ಕಥೆಯೂ ಅಷ್ಟೇ. ಬಾಂದಾರಗಳ ಹಿಂದೆ, ಆಳವಾದ ಮಡುಗಳಲ್ಲಿ ಮಾತ್ರ ನೀರು ನಿಂತಿರುತ್ತದೆ. ಅಥಣಿ, ರಾಯಬಾಗ ತಾಲ್ಲೂಕುಗಳವರೆಗೆ ಚಾಚಿದ ಹಿಪ್ಪರಗಿ ಬ್ಯಾರೇಜಿನ ಹಿನ್ನೀರೂ ಕುಗ್ಗುತ್ತದೆ. 2019ರ ಬೇಸಿಗೆಯಲ್ಲಂತೂ ಕೃಷ್ಣೆ ಬತ್ತಿ ಕುಡಿಯುವ ನೀರಿಗೇ ತೊಂದರೆಯಾಗಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಮಹಾಪೂರ ಬಂದು ಊರುಗಳೇ ಮುಳುಗಿದವು!

ಬೇಸಿಗೆಯ ಈ ಮಡುಗಳಲ್ಲಿ ಮೀನು ಸುಲಭವಾಗಿ ಸಿಗುತ್ತದೆ. ಏಕೆ? ನೀರು ಕಡಿಮೆಯಾದಾಗ ಮೀನುಗಳು ಒತ್ತೊತ್ತಾಗಿ ಸೇರುತ್ತವೆ ಎಂದು ನೀವು ಹೇಳುವಿರಿ. ಸರಿ. ಆದರೆ ಇನ್ನೊಂದು ಕಾರಣವೂ ಇದೆ. ಅದನ್ನು ತಿಳಿಯಲು ಒಂದು ಪ್ರಯೋಗ ಮಾಡಿ.

ಗಾಜಿನ ಲೋಟದಲ್ಲಿ ತಣ್ಣನೆಯ ನೀರು ತುಂಬಿ ಬಿಸಿಲಿನಲ್ಲಿಡಿ. ಒಂದೆರಡು ಗಂಟೆಯ ನಂತರ ಲೋಟದ ಒಳಮೈಗೆ ಸಣ್ಣ ಗುಳ್ಳೆಗಳು ಅಂಟಿಕೊಂಡಿರುವುದನ್ನು ನೋಡಿ. ನೀರಿನಲ್ಲಿ ಕರಗಿದ್ದ ಗಾಳಿಯೇ ಹೀಗೆ ಹೊರಬಂದಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಮೀನು ಶೀತರಕ್ತ ಪ್ರಾಣಿ. ನೀರು ಬಿಸಿಯಾದರೆ ಅದರ ಮೈಯೂ ಬಿಸಿಯಾಗುತ್ತದೆ, ಆಗ ಅದಕ್ಕೆ ಆಮ್ಲಜನಕ ಹೆಚ್ಚು ಬೇಕು. ಬೇಕಾದಾಗಲೇ ಕಡಿಮೆ! ಇನ್ನು ರಾತ್ರಿಯಿಡೀ ಪಾಚಿ, ನೀರಿನ ಗಿಡಗಳು ಕೂಡ ಆಮ್ಲಜನಕವನ್ನು ಬಳಸುವುದರಿಂದ ಸೂರ್ಯೋದಯಕ್ಕೆ ಮುಂಚೆ ಕೊರತೆ ಅತಿ ಹೆಚ್ಚು. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ನಸುಕಿನಲ್ಲಿ ಬೀಸುಬಲೆ ಎಸೆಯುವ ಅಂಬಿಗರಿಗೆ ಇದು ಪುಸ್ತಕ ಓದದೆಯೇ ಗೊತ್ತು. ಕೊರವ ಮೀನಿಗೆ ಮಾತ್ರ ಈ ಚಿಂತೆಯಿಲ್ಲ. ಅದು ನೀರಿನ ಮೇಲಿನ ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲದು.

ಈಗ ಬಾಳೆಮೀನಿನ ಪರಿಚಯ ಮಾಡಿಕೊಳ್ಳೋಣ. ಮೈಮೇಲೆ ಹುರುಪೆಯಿಲ್ಲ. ಬಾಯಿ ಕಣ್ಣಿಗಿಂತ ಹಿಂದಕ್ಕೂ ಸೀಳಿರುತ್ತದೆ. ಎರಡು ಜೊತೆ ಮೀಸೆ, ಅದರಲ್ಲಿ ಒಂದು ಜೊತೆ ಬಹಳ ಉದ್ದ. ಒಂದು ಮೀಟರಿಗಿಂತ ಉದ್ದ ಬೆಳೆಯಬಲ್ಲ ಈ ಮೀನು ಹಗಲು ಆಳದಲ್ಲಿ ಅಡಗಿದ್ದು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಕತ್ತಲೆಯಲ್ಲಿ ಮೀಸೆಯೇ ಅದರ ಬೆರಳು, ಮೀಸೆಯೇ ಅದರ ನಾಲಿಗೆ.

ದೂರದ ಉತ್ತರ ಅಮೆರಿಕದಲ್ಲಿಯೂ ಇಂಥದೇ ಒಬ್ಬ ರಾತ್ರಿ ಬೇಟೆಗಾರನಿದ್ದಾನೆ. ಹೆಸರು ವಾಲೈ. ಮಿಷಿಗನ್ ಸರೋವರದ ಗ್ರೀನ್ ಬೇ ಎಂಬ ಸಿಹಿನೀರಿನ ದೊಡ್ಡ ಕೊಲ್ಲಿಯಲ್ಲಿ ಈ ಮೀನು ಹೇರಳ. ಅದಕ್ಕೆ ಮೀಸೆಯಿಲ್ಲ, ಕಣ್ಣಿದೆ. ರಾತ್ರಿ ಟಾರ್ಚ್ ಬಿಟ್ಟಾಗ ಬೆಕ್ಕಿನ ಕಣ್ಣು, ಎಮ್ಮೆಯ ಕಣ್ಣು ಹೊಳೆಯುತ್ತದಲ್ಲವೇ? ಅದೇ ರೀತಿ ವಾಲೈ ಕಣ್ಣಿನ ಹಿಂಭಾಗದಲ್ಲೂ ಕನ್ನಡಿಯಂಥ ಪದರವಿದೆ. ಅದರಿಂದ ಮಸುಕು ಬೆಳಕಿನಲ್ಲೂ ಬೇಟೆ ಕಾಣುತ್ತದೆ.

ಬೇಸಿಗೆಯ ಆರಂಭದಲ್ಲಿ ಅಲ್ಲಿಯೂ ಜನ ಈ ಮೀನು ಹಿಡಿಯಲು ಗಾಳ ಹಿಡಿದು ಹೊರಡುತ್ತಾರೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ವಾಲೈ ಮೊಟ್ಟೆಯಿಡುವುದು ವಸಂತದಲ್ಲಿ, ಹಿಮಗಡ್ಡೆ ಕರಗಿದ ಕೂಡಲೇ. ಮಿನ್ನೆಸೋಟಾ ರಾಜ್ಯದಲ್ಲಿ ಅದನ್ನು ಹಿಡಿಯಲು ಮೇ ತಿಂಗಳಲ್ಲಿ ಅನುಮತಿ ಸಿಗುತ್ತದೆ. ಅಷ್ಟರಲ್ಲಿ ಹೆಚ್ಚಿನ ಮೀನುಗಳು ಮೊಟ್ಟೆಯಿಟ್ಟಿರುತ್ತವೆ. ನಮ್ಮ ಬಾಳೆಮೀನು ಕಾಯುವುದು ಮಳೆಗಾಲವನ್ನು. ಹೊಸ ನೀರು ಬಂದು ದಡದ ತಗ್ಗುಗಳು ತುಂಬಿದಾಗ ಅಲ್ಲಿ ಮೊಟ್ಟೆಯಿಡುತ್ತದೆ. ಹಾಗಾದರೆ ಏಪ್ರಿಲ್, ಮೇ ತಿಂಗಳಲ್ಲಿ ಮಡುವಿನೊಳಗಿರುವ ತಾಯಿಮೀನು? ಹೊಟ್ಟೆಯಲ್ಲಿ ತತ್ತಿಗಳನ್ನು ಬೆಳೆಸುತ್ತಿರುತ್ತದೆ!

ಮಳೆಗಾಲದಲ್ಲಿ ಮೊಟ್ಟೆಯಿಡುವ ಮೀನನ್ನು ಹಿಡಿಯಬಾರದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ತಾಯಿ ಏಪ್ರಿಲ್‌ನಲ್ಲೇ ಬಲೆಗೆ ಬಿದ್ದಿದ್ದರೆ ಮಳೆಗಾಲದಲ್ಲಿ ಮೊಟ್ಟೆಯಿಡುವವರು ಯಾರು? ರೋಹು ಮೀನಿನ ಲೆಕ್ಕ ನೋಡಿ. ಹೆಣ್ಣು ರೋಹು ತನ್ನ ತೂಕದ ಪ್ರತಿ ಕಿಲೋಗೆ ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲದು. 3 ಕಿಲೋ ತೂಕದ ಒಂದು ಮೀನು ಹೋದರೆ ಎಷ್ಟು ಮೊಟ್ಟೆ ಹೋದವು, ನೀವೇ ಗುಣಿಸಿ. ಬಹುಪಾಲು ಮರಿಗಳು ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ, ನಿಜ. ಉಳಿಯುವ ಕೆಲವೇ ಮರಿಗಳು ಮುಂದಿನ ವರ್ಷಗಳ ಮೀನು.

ಹಾಗೆಂದು ಅಂಬಿಗರು ಬೇಸಿಗೆಯಿಡೀ ಸುಮ್ಮನೆ ಕೂರಲಾಗದು. ಮನೆ ನಡೆಯಬೇಕಲ್ಲ! ದೊಡ್ಡ ಕಣ್ಣಿನ ಬಲೆ ಬಳಸಿದರೆ ಮರಿಗಳು ತಪ್ಪಿಸಿಕೊಳ್ಳುತ್ತವೆ. ಎಲ್ಲಕ್ಕಿಂತ ಆಳವಾದ ಒಂದು ಮಡುವನ್ನು ಮುಟ್ಟದೆ ಬಿಟ್ಟರೆ ತಾಯಿಮೀನುಗಳಿಗೆ ಮಳೆ ಬರುವವರೆಗೆ ಆಸರೆ ಇರುತ್ತದೆ. ನಿಜವಾದ ಕೇಡು ಮಾಡುವುದು ಸಿಡಿಮದ್ದು ಮತ್ತು ವಿಷ. ಅವು ಮಡುವಿನಲ್ಲಿ ದೊಡ್ಡದು ಚಿಕ್ಕದು ಎನ್ನದೆ ಎಲ್ಲವನ್ನೂ ಕೊಲ್ಲುತ್ತವೆ. ಇವುಗಳಿಂದ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿತ್ತು. ಬಾಳೆಮೀನು ಈಗ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅಪಾಯದ ಅಂಚಿನ ಜೀವಿಗಳ ಸಾಲಿನಲ್ಲಿದೆ.

ಮಾಡಿ ನೋಡಿ: ಮಡುವಿಗೆ ಇಳಿಯಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ನೀರು ಇಳಿದಾಗ ಅವೂ ಮಡುವನ್ನೇ ಸೇರುತ್ತವೆ. ಬದಲಿಗೆ ಹಿರಿಯರ ಜೊತೆ ಸಂತೆಯ ಮೀನು ಮಾರುವ ಜಾಗಕ್ಕೆ ಹೋಗಿ. ಮೀನು ಹೆಚ್ಚುವಾಗ ಹೊಟ್ಟೆಯೊಳಗೆ ಸಣ್ಣ ಕಾಳುಗಳಿಂದ ತುಂಬಿದ ಎರಡು ಉದ್ದ ಚೀಲಗಳು ಕಂಡರೆ ಅವೇ ತತ್ತಿಯ ಚೀಲಗಳು. ಮಾರ್ಚ್‌ನಿಂದ ಜೂನ್‌ವರೆಗೆ ತಿಂಗಳಿಗೊಮ್ಮೆ ನೋಡಿ, ಮೀನಿನ ಹೆಸರು, ತಿಂಗಳು, ಚೀಲದ ಗಾತ್ರ ಬರೆದಿಡಿ. ಯಾವ ತಿಂಗಳಲ್ಲಿ ಚೀಲ ಅತಿ ದೊಡ್ಡದಿತ್ತು? ನಿಮ್ಮ ಪಟ್ಟಿಯನ್ನು ಮೀನು ಮಾರುವ ಅಜ್ಜಿಗೂ ತೋರಿಸಿ, ಆಕೆಯ ಲೆಕ್ಕ ಏನೆಂದು ಕೇಳಿ.