ಮಹಾಪಧಮನಿಯ ಜೋಡಣೆ: ಸೂಜಿಯೋ, ಬಳೆಯೋ?



ಬಾವಿಯಿಂದ ದ್ರಾಕ್ಷಿ ತೋಟಕ್ಕೆ ನೀರು ಒಯ್ಯುವ ರಬ್ಬರ್ ಪೈಪು ಒಂದು ಕಡೆ ಸವೆದು ಉಬ್ಬಿದರೆ ಏನು ಮಾಡುತ್ತೀರಿ? ಉಬ್ಬಿದ ತುಂಡನ್ನು ಕತ್ತರಿಸಿ ತೆಗೆದು, ಹೊಸ ತುಂಡು ಸೇರಿಸಿ, ಎರಡೂ ತುದಿಗೆ ಕ್ಲಿಪ್ಪು ಬಿಗಿಯುತ್ತೀರಿ. ಪೈಪನ್ನು ಸೂಜಿ-ದಾರದಿಂದ ಹೊಲಿಯುವ ರೈತನನ್ನು ನಾನಂತೂ ಕಂಡಿಲ್ಲ. ಆದರೆ ನಮ್ಮ ದೇಹದ ಅತಿ ದೊಡ್ಡ ರಕ್ತನಾಳವನ್ನು ತೆರೆದು ಜೋಡಿಸುವಾಗ ವೈದ್ಯರು ಇಂದಿಗೂ ಹೆಚ್ಚಾಗಿ ಕೈಯಿಂದಲೇ ಹೊಲಿಯುತ್ತಾರೆ.

ಈ ನಾಳವೇ ಮಹಾಪಧಮನಿ. ಹೃದಯದಿಂದ ಹೊರಟು ಎದೆ, ಹೊಟ್ಟೆಗಳ ಮೂಲಕ ಬೆನ್ನೆಲುಬಿನ ಮುಂದೆ ಇಳಿಯುತ್ತದೆ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೃದಯದಿಂದ ಇದಕ್ಕೆ ಬರುತ್ತದೆ. ವಯಸ್ಸು, ರಕ್ತದೊತ್ತಡ, ಎಲ್ಲಕ್ಕಿಂತ ಮಿಗಿಲಾಗಿ ಬೀಡಿ-ಸಿಗರೇಟು ಇದರ ಗೋಡೆಯನ್ನು ಸಡಿಲಗೊಳಿಸುತ್ತವೆ. ಆಗ ಅದು ಉಬ್ಬುತ್ತದೆ, ನೋವಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ. ಒಡೆದರೆ ಹೆಚ್ಚಿನವರು ಉಳಿಯುವುದಿಲ್ಲ.

ರಕ್ತನಾಳ ಹೊಲಿಯುವ ವಿದ್ಯೆಯನ್ನು ನೆಲೆಗೊಳಿಸಿದವರು ಫ್ರಾನ್ಸಿನ ಅಲೆಕ್ಸಿಸ್ ಕ್ಯಾರೆಲ್. 1894ರಲ್ಲಿ ಆ ದೇಶದ ಅಧ್ಯಕ್ಷರು ಇರಿತಕ್ಕೆ ಸಿಕ್ಕಿ, ಕತ್ತರಿಸಿದ ನಾಳವನ್ನು ಹೊಲಿಯಲಾರದೆ ಸತ್ತಾಗ ಕ್ಯಾರೆಲ್ ಕಸೂತಿ ಹಾಕುವ ಹೆಂಗಸಿನ ಬಳಿ ಸೂಜಿಯ ಕೆಲಸ ಕಲಿತರು. 1912ರಲ್ಲಿ ನೊಬೆಲ್ ಪಡೆದರು. 1950ರ ದಶಕದಲ್ಲಿ ಅಮೆರಿಕದ ಮೈಕೆಲ್ ಡಿಬೇಕಿ ಪೇಟೆಯಿಂದ ಡೇಕ್ರಾನ್ ಬಟ್ಟೆ ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆ ಮಾಡಿದರು. ಡೇಕ್ರಾನ್ ಎಂದರೆ ನಮ್ಮ ಟೆರಿಕಾಟ್ ಅಂಗಿಯಲ್ಲಿರುವ ಪಾಲಿಯೆಸ್ಟರೇ. 97ನೆಯ ವಯಸ್ಸಿನಲ್ಲಿ ಅವರದೇ ಮಹಾಪಧಮನಿ ಸೀಳಿದಾಗ, ಶಿಷ್ಯರು 2006ರಲ್ಲಿ ಡೇಕ್ರಾನ್ ಕೊಳವೆಯನ್ನೇ ಹಾಕಿ ಉಳಿಸಿದರು!

ಹೊಲಿಗೆಯ ತೊಡಕು ಸಮಯ. ಹೊಲಿಯುವಷ್ಟು ಹೊತ್ತು ನಾಳಕ್ಕೆ ಚಿಮಟ ಹಾಕಿ ರಕ್ತ ತಡೆಯಬೇಕು. ಹೊತ್ತು ಹೆಚ್ಚಿದಷ್ಟೂ ಮೂತ್ರಪಿಂಡಕ್ಕೂ ಬೆನ್ನುಹುರಿಗೂ ಅಪಾಯ. ಅದಕ್ಕೇ 1978ರ ಸುಮಾರಿಗೆ ಬಳೆಯ ಉಪಾಯ ಬಂತು. ಕೊಳವೆಯ ತುದಿಯಲ್ಲಿ ಗಟ್ಟಿ ಬಳೆ ಇಟ್ಟು, ಅದನ್ನು ನಾಳದೊಳಗೆ ತೂರಿಸಿ, ಹೊರಗಿನಿಂದ ಪಟ್ಟಿ ಬಿಗಿದು ಕಟ್ಟುವುದು. ಅಂದರೆ ನಿಮ್ಮ ಕ್ಲಿಪ್ಪೇ! ಕೆಲವೇ ನಿಮಿಷದ ಕೆಲಸ. ಆದರೆ ನಾಳ ರಬ್ಬರಲ್ಲ, ಜೀವವಿರುವ ಗೋಡೆ. ಬಳೆ ಜಾರಬಹುದು, ಗೋಡೆಯನ್ನು ಸವೆಸಬಹುದು, ದಾರಿಯನ್ನು ಕಿರಿದಾಗಿಸಬಹುದು. ಹೆಚ್ಚಿನ ವೈದ್ಯರು ಸೂಜಿಗೇ ಮರಳಿದರು.

ಬೇರೂರಿದ ಹೊಸ ದಾರಿ ಇನ್ನೊಂದು. 1987ರಲ್ಲಿ ಉಕ್ರೇನಿನ ವೊಲೊಡೊಸ್ ಎದೆಯ ಭಾಗದಲ್ಲಿ, 1990ರಲ್ಲಿ ಅರ್ಜೆಂಟೀನಾದ ಪರೋಡಿ ಹೊಟ್ಟೆಯ ಭಾಗದಲ್ಲಿ ಮಾಡಿದ್ದು: ಮಡಿಚಿದ ಕೊಳವೆಯನ್ನು ತೊಡೆಸಂದಿನ ನಾಳದಿಂದ ಒಳಗೆ ಕಳುಹಿಸಿ ಉಬ್ಬಿನಲ್ಲಿ ಬಿಚ್ಚುವುದು. ಲೋಹದ ಬಲೆ ಅರಳಿ ತಾನೇ ಗೋಡೆಯನ್ನು ಹಿಡಿಯುತ್ತದೆ. ಇದನ್ನು ಸ್ಟೆಂಟ್ ಗ್ರಾಫ್ಟ್ ಎನ್ನುತ್ತಾರೆ.

“ಫಾದರ್, ಹೊಟ್ಟೆ ಕೊಯ್ಯದೆ ಆಗುತ್ತದಂತೆ, ಅದನ್ನೇ ಮಾಡಿಸೋಣವೇನ್ರೀ?” ಎಂದು ಒಂದು ಮನೆಯವರು ನನ್ನನ್ನು ಕೇಳಿದರು. ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದರಲ್ಲಿ ಮೊದಲ 30 ದಿನಗಳಲ್ಲಿ ಸತ್ತವರು ತೆರೆದು ಹೊಲಿದವರಲ್ಲಿ ನೂರಕ್ಕೆ 4.7, ಸ್ಟೆಂಟಿನವರಲ್ಲಿ 1.7. ಆದರೆ ಎಂಟು ವರ್ಷ ದಾಟಿದ ಮೇಲೆ ಹೊಲಿಸಿಕೊಂಡವರೇ ಹೆಚ್ಚು ಬಾಳಿದರು. ಸ್ಟೆಂಟಿನ ಅಂಚಿನಲ್ಲಿ ರಕ್ತ ಸೋರಬಹುದು. ಆದ್ದರಿಂದ ಜೀವನಪರ್ಯಂತ ಸ್ಕ್ಯಾನ್ ಬೇಕು. ಕಬ್ಬು ಕಡಿಯಲು ಆರು ತಿಂಗಳು ಊರು ಬಿಡುವವರು ತಪ್ಪದೆ ಸ್ಕ್ಯಾನಿಗೆ ಹೋದಾರೆಯೇ? ಇದನ್ನು ವೈದ್ಯರಿಗೆ ಮೊದಲೇ ಹೇಳಿ. ವೃದ್ಧರಿಗೆ, ಎದೆ-ಮೂತ್ರಪಿಂಡ ದುರ್ಬಲವಾದವರಿಗೆ ಸ್ಟೆಂಟೇ ಲೇಸು ಎನ್ನಬಹುದು. ಗಟ್ಟಿಮುಟ್ಟಾದ ಐವತ್ತೈದರವನಿಗೆ ಹೊಲಿಗೆಯನ್ನು ಹೆದರಿಕೆಯಿಂದ ಬೇಡವೆನ್ನಬೇಡಿ.

ಬೀಡಿ ಸೇದಿದ 65 ದಾಟಿದ ಗಂಡಸರು ಹೊಟ್ಟೆಯ ಸೊನೊಗ್ರಫಿ ಒಮ್ಮೆ ಮಾಡಿಸಿಕೊಳ್ಳಿ. ಗಂಡಸರಲ್ಲಿ ಉಬ್ಬು ಸಾಮಾನ್ಯವಾಗಿ 5.5 ಸೆಂಟಿಮೀಟರ್ ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಮಾತು. ಖರ್ಚಿನ ಬಗ್ಗೆ ರೇಶನ್ ಕಾರ್ಡು ಹಿಡಿದು ಫುಲೆ ಜನ ಆರೋಗ್ಯ ಯೋಜನೆಯ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರನನ್ನು ವಿಚಾರಿಸಿ. ವಯಸ್ಸಾದವರಿಗೆ ಒಮ್ಮೆಲೇ ಬೆನ್ನು ಅಥವಾ ಹೊಟ್ಟೆ ಸೀಳುವಂಥ ನೋವು ಬಂದು ಬೆವರಿ ತಲೆ ಸುತ್ತಿದರೆ ಎಣ್ಣೆ ತಿಕ್ಕುತ್ತ ಕೂಡಬೇಡಿ, ಅದೇ ಗಳಿಗೆಯಲ್ಲಿ ಗಾಡಿ ಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.